ಸಹಾಯ ಬೇಕು: ಪ್ರಕಟವಾದ ಕಂತನ್ನು ತಿದ್ದಬಹುದೇ?

ಎಲ್ಲರಿಗೂ ನಮಸ್ಕಾರ. ಹವ್ಯಾಸಕ್ಕಾಗಿ ಅಂತರ್ಜಾಲದಲ್ಲಿ ವಾರಕ್ಕೊಂದು ಕಂತಿನಂತೆ ಧಾರಾವಾಹಿ ಬರೆಯುತ್ತಿದ್ದೇನೆ. 3ನೇ ಕಂತಿನಲ್ಲಿ ನಾಯಕಿಯ ಅಜ್ಜಿಗೆ ಓದು ಬರಹ ಬಾರದೆಂದು ಬರೆದವಳು, 11ನೇ ಕಂತಿನಲ್ಲಿ ಅದೇ ಅಜ್ಜಿಯ ಕೈಯಿಂದ ಪತ್ರ ಬರೆಸಿಬಿಟ್ಟಿದ್ದೇನೆ. ಕಥೆ ನಿಂತಿರುವುದೇ ಆ ಪತ್ರದ ಮೇಲೆ. ಅದನ್ನು ಓದಿ ಕಣ್ಣು ತುಂಬಿ ಬಂತೆಂದು ಓದುಗರೊಬ್ಬರು ತಿಳಿಸಿದಾಗ ಸಂತೋಷಕ್ಕೆ ಆ ರಾತ್ರಿ ನಿದ್ದೆಯೇ ಬರಲಿಲ್ಲ. ನೆರೆಮನೆಯವರು ಬರೆದುಕೊಟ್ಟಂತೆ ಎರಡು ಬಾರಿ ಬದಲಿಸಿ ನೋಡಿದೆ, ಪತ್ರದ ಜೀವವೇ ಹೋಯಿತು. ಆರ್ಥರ್ ಕಾನನ್ ಡಾಯ್ಲ್ ಅವರ 1887ರ ಕಾದಂಬರಿಯಲ್ಲಿ ಪತ್ತೇದಾರ ಷರ್ಲಾಕ್ ಹೋಮ್ಸ್‌ನ ಗೆಳೆಯ ವಾಟ್ಸನ್ನನ ಭುಜಕ್ಕೆ ತಗುಲಿದ ಗುಂಡು 1890ರ ಕಾದಂಬರಿಯಲ್ಲಿ ಕಾಲಿಗೆ ತಗುಲಿದ್ದಾಗಿದೆ ಎಂಬುದು ಗೊತ್ತಿದ್ದರೂ ನನಗೆ ಸಮಾಧಾನವಿಲ್ಲ. 3ನೇ ಕಂತನ್ನು ಸದ್ದಿಲ್ಲದೆ ತಿದ್ದಲೇ, ತಿದ್ದಿದ್ದೇನೆಂದು ಟಿಪ್ಪಣಿ ಹಾಕಲೇ, ಅಥವಾ ಅಜ್ಜಿ ಗುಟ್ಟಾಗಿ ಅಕ್ಷರ ಕಲಿತಳೆಂದು ಮುಂದಿನ ಕಂತಿನಲ್ಲಿ ಹೇಳಲೇ? ಧಾರಾವಾಹಿ ಬರೆದ ಅನುಭವವಿರುವವರು ದಯವಿಟ್ಟು ತಿಳಿಸಿ.