ಗುಡ್ಡದ ಬೆಂಕಿ ಯಾವ ಕಡೆ ಓಡುತ್ತದೆ? ಪುಣೆ-ಗೋವಾ ಕನ್ನಡ ಗುಂಪಿನ ಪ್ರಶ್ನೋತ್ತರ

ಪ್ರಶ್ನೆ (ಬಾವಧನ್, ಪುಣೆ): ಸರ, ನಮ್ಮ ಸೊಸೈಟಿ ಗುಡ್ಡದ ಬುಡಕ್ಕ ಐತಿ. ಮಾರ್ಚ್ ಬಂತಂದ್ರ ಒಣಹುಲ್ಲಿಗೆ ಬೆಂಕಿ ಬೀಳತದ. ಅದು ಮ್ಯಾಲೆ ಹೋಗತದೋ, ನಮ್ಮ ಕಡೆ ಬರತದೋ, ಮೊದಲ ಗೊತ್ತಾಗತದೇನ್ರಿ?

ಉತ್ತರ: ಬಹುಮಟ್ಟಿಗೆ ಗೊತ್ತಾಗುತ್ತದೆ. ಇಳಿಜಾರು 10 ಡಿಗ್ರಿ ಹೆಚ್ಚಿದರೆ ಮೇಲೇರುವ ಬೆಂಕಿಯ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಜ್ವಾಲೆ ಮೇಲಿನ ಹುಲ್ಲಿಗೆ ಹತ್ತಿರವಾಗಿ, ಅದನ್ನು ಮೊದಲೇ ಕಾಯಿಸಿ ಒಣಗಿಸಿಬಿಡುತ್ತದೆ. ಬುಡದಲ್ಲಿ ಹತ್ತಿದ್ದು ನೆತ್ತಿಗೆ ಓಡುವುದು ಇದಕ್ಕೇ. ಕೆಳಗಿರುವ ನಿಮಗೆ ಭಯ ಗಾಳಿ ಕೆಳಮುಖವಾಗಿ ಬೀಸಿದಾಗ, ಇಲ್ಲವೇ ಉರಿಯುವ ಕೊರಡು ಉರುಳಿ ಬಂದಾಗ.

ಹುಲ್ಲಿನಂಥ ತೆಳು ಇಂಧನ ಗಾಳಿಯ ತೇವ ಇಳಿದ ಒಂದು ಗಂಟೆಯೊಳಗೆ ಒಣಗುತ್ತದೆ. ಬೆಳಿಗ್ಗೆ ಕಡ್ಡಿ ಗೀರಿದರೂ ಹತ್ತದ ಹುಲ್ಲು ಮಧ್ಯಾಹ್ನ ಕಾಗದದಂತೆ ಉರಿಯುತ್ತದೆ. ಮೊಬೈಲ್‌ನ ಹವಾಮಾನದಲ್ಲಿ ತೇವಾಂಶ 30%ಕ್ಕಿಂತ ಕೆಳಗಿದ್ದು, ಗಾಳಿಯೂ ಜೋರಾಗಿದ್ದರೆ ಅವತ್ತು ಕಾವಲು ಬೇಕೇ ಬೇಕು.

ಪ್ರಶ್ನೆ (ಫೋಂಡಾ, ಗೋವಾ): 2023ರ ಮಾರ್ಚ್‌ನಲ್ಲಿ ಮಹಾದಾಯಿ ಅಭಯಾರಣ್ಯ ಹೊತ್ತಿದಾಗ ಹೆಲಿಕಾಪ್ಟರ್‌ನಿಂದ ನೀರು ಸುರಿದರೂ ಬೇಗ ಆರಲಿಲ್ಲವಲ್ಲ?

ಉತ್ತರ: ಘಟ್ಟದ ಕಾಡಿನಲ್ಲಿ ಮುಖ್ಯವಾಗಿ ಉರಿಯುವುದು ನೆಲದ ತರಗೆಲೆ. ಸುರಿದ ನೀರಿನಲ್ಲಿ ಸಾಕಷ್ಟು ಪಾಲು ಮರಗಳ ನೆತ್ತಿಯಲ್ಲೇ ಉಳಿಯುತ್ತದೆ. ನೀರು ಜ್ವಾಲೆಯನ್ನು ತಗ್ಗಿಸುತ್ತದೆ, ಅಷ್ಟೇ. ಬಿದ್ದ ಮರದೊಳಗಿನ ಕೆಂಡವನ್ನು ಕೆದಕಿ ಆರಿಸಲು ಜನರೇ ಬೇಕು. ಇನ್ನೊಂದು ತೊಡಕು ಗಾಳಿಯದು. ಬೆಳಿಗ್ಗೆ ಘಟ್ಟದಿಂದ, ಮಧ್ಯಾಹ್ನ ಸಮುದ್ರದಿಂದ ಬೀಸುತ್ತದೆ. ಬೆಳಿಗ್ಗೆ ಹಿಂದೆ ತೆವಳುತ್ತಿದ್ದ ಅಂಚೇ ಮಧ್ಯಾಹ್ನ ಮುಂಚೂಣಿಯಾಗುತ್ತದೆ. ‘ಆ ಕಡೆ ತಣ್ಣಗಿದೆ’ ಎಂದು ಬಿಟ್ಟ ಅಂಚು ತುಂಬಾ ಅಪಾಯಕಾರಿ.

ಪ್ರಶ್ನೆ (ಬಾವಧನ್): ಹಂಗಾದ್ರ ನಾವು ಏನು ಮಾಡಬೇಕ್ರಿ? ಬೆಂಕಿ ರೇಖೆ ಎಷ್ಟು ಅಗಲ?

ಉತ್ತರ: ಬೆಂಕಿ ರೇಖೆ ಎಂದರೆ ಬೆಂಕಿ ದಾಟದಂತೆ ಹುಲ್ಲು ತೆಗೆದ ಖಾಲಿ ಪಟ್ಟಿ. ನಿಮ್ಮ ಕಾಂಪೌಂಡಿನ ಹೊರಗಿರುವುದು ಅರಣ್ಯ ಜಾಗವಾದರೆ ಇಲಾಖೆಯನ್ನು ಕೇಳದೆ ಕೈ ಹಾಕಬೇಡಿ. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು 1927ರ ಅರಣ್ಯ ಕಾಯ್ದೆಯ 26ನೇ ಕಲಮಿನಡಿ ಅಪರಾಧ. ಅಲ್ಲಿನ ಗಾರ್ಡ್‌ಗೆ ಬೆಂಕಿ ರೇಖೆಯ ಮರಾಠಿ ಹೆಸರು ‘ಜಾಳರೇಷಾ’ ಎಂದರೆ ತಕ್ಷಣ ತಿಳಿಯುತ್ತದೆ. ಸೊಂಟದೆತ್ತರದ ಹುಲ್ಲಿದ್ದರೆ 3 ಮೀಟರ್ ಸಾಲದು, 6 ಮೀಟರ್ ಇರಲಿ. ಫೆಬ್ರವರಿ ಮಧ್ಯದೊಳಗೆ ಮುಗಿಸಿ. ಹುಲ್ಲು ಕೊಯ್ದರೆ ಸಾಲದು, ಮಣ್ಣು ಕಾಣುವ ತನಕ ಕೆರೆಯಬೇಕು. ಕೊಯ್ದದ್ದನ್ನು ಅಂಚಿಗೇ ರಾಶಿ ಹಾಕುವುದು ಎಲ್ಲರೂ ಮಾಡುವ ತಪ್ಪು, ಕಿಡಿಗೆ ಅದೇ ಮೆಟ್ಟಿಲು. ಗ್ಲಿರಿಸಿಡಿಯಾ ಗಿಡಗಳಿದ್ದರೆ ಎಲೆ ಉದುರಿ ರೇಖೆ ಮತ್ತೆ ಮುಚ್ಚಿಹೋಗುತ್ತದೆ, ವಾರಕ್ಕೊಮ್ಮೆ ಗುಡಿಸಿ.

ಹೊತ್ತಿದರೆ ಮೊದಲು ಮಹಾರಾಷ್ಟ್ರ ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಿ. ಉಪಗ್ರಹದ ಎಚ್ಚರಿಕೆ ಕಾಯಬೇಡಿ. ಬೆಂಕಿಯನ್ನು ಗುರುತಿಸುವ ಉಪಗ್ರಹಗಳಲ್ಲಿನ ವಿಐಐಆರ್‌ಎಸ್ ಸಂವೇದಕ ನಮ್ಮ ಮೇಲೆ ಹಾಯುವುದು ಮಧ್ಯಾಹ್ನ ಮತ್ತು ನಡುರಾತ್ರಿ 1.30ರ ಸುಮಾರಿಗೆ. ಮಧ್ಯಾಹ್ನ 3 ಗಂಟೆಗೆ ಹತ್ತಿದ್ದು ಅದಕ್ಕೆ ರಾತ್ರಿಯೇ ಕಾಣುವುದು.

ಜ್ವಾಲೆ ಸೊಂಟಕ್ಕಿಂತ ಎತ್ತರವಿದ್ದರೆ ಹತ್ತಿರ ಹೋಗಬೇಡಿ. ಕಡಿಮೆಯಿದ್ದರೂ ತರಬೇತಿ ಪಡೆದವರ ಜೊತೆಗೇ ಹೋಗಿ. ಹತ್ತಿ ಬಟ್ಟೆ, ಚರ್ಮದ ಬೂಟು ಹಾಕಿ. ಸುಟ್ಟು ಕಪ್ಪಾದ ನೆಲದ ಕಡೆಯಿಂದ, ಬದಿಗಳಿಂದ, ಹಸಿ ಸೊಪ್ಪಿನ ಕೊಂಬೆ ಹಿಡಿದು ಬೆಂಕಿ ಆರಿಸುತ್ತ ಸಾಗಬೇಕು. ಬೆಂಕಿಯ ಮೇಲ್ಗಡೆ ಇಳಿಜಾರಿನಲ್ಲಿ ಎಂದೂ ನಿಲ್ಲಬಾರದು. ಸೊಪ್ಪನ್ನು ಎತ್ತಿ ಹೊಡೆದರೆ ಕಿಡಿ ಹಾರುತ್ತದೆ, ಒತ್ತಿ ಎಳೆಯಿರಿ. ಆರಿದ ಮೇಲೆ ಅಂಚಿನುದ್ದಕ್ಕೂ ಅಂಗೈಯ ಹಿಂಬದಿಯನ್ನು ನೆಲದ ಹತ್ತಿರ ಹಿಡಿದು ಬಿಸಿ ನೋಡಿ. ಒಣ ಸಗಣಿ, ಬುಡದ ಮೋಟು ಇದ್ದಲ್ಲಿ ಮರುದಿನ ಮಧ್ಯಾಹ್ನ ಇನ್ನೊಮ್ಮೆ ಹೋಗಿ ನೋಡಿ.