ಅಪೊಲೊ ಆಗಿ ಐವತ್ತು ವರ್ಷ ದಾಟ್ತು, ಮನುಷ್ಯ ಇನ್ನೂ ಯಾಕೆ ಇಲ್ಲೇ ಸುತ್ತುತ್ತಿದಾನೆ?

ಯಶವಂತಪುರ_ಲೋಕಲ್:
1969ರಲ್ಲಿ ಚಂದ್ರನ ಮೇಲೆ ಇಳಿದ್ರು, 72ರ ಡಿಸೆಂಬರಲ್ಲಿ ಅಪೊಲೊ 17 ವಾಪಸ್ ಬಂತು, ಆಮೇಲೆ ಒಬ್ರೂ ಅಲ್ಲಿ ಕಾಲಿಟ್ಟಿಲ್ಲ. ಸ್ಪೇಸ್ ಸ್ಟೇಷನ್ ಇರೋದು 400 ಕಿಲೋಮೀಟರ್ ಮೇಲೆ, ಅಂದ್ರೆ ಬೆಂಗಳೂರಿಂದ ಹುಬ್ಳಿಯಷ್ಟು ದೂರ ಅಷ್ಟೇ. ನಮ್ಮವರನ್ನ ಬಾಹ್ಯಾಕಾಶಕ್ಕೆ ಕಳಿಸೋ ಗಗನಯಾನನೂ 2018ರಲ್ಲಿ ಅನೌನ್ಸ್ ಮಾಡ್ದಾಗ 2022 ಅಂದಿದ್ರು. ದುಡ್ಡಿಲ್ವಾ, ಟೆಕ್ನಾಲಜಿ ಇಲ್ವಾ, ಇಲ್ಲಾ ಮನಸ್ಸೇ ಇಲ್ವಾ? ಗೊತ್ತಿರೋರು ಹೇಳ್ರಪ್ಪಾ.

ರಿಟೈರ್ಡ್_ಮೇಷ್ಟ್ರು:
ಅದು ರಷ್ಯಾದವರ ಮೇಲಿನ ಜಿದ್ದು ಕಣಪ್ಪ, ವಿಜ್ಞಾನ ಆಮೇಲಿನ ಮಾತು. 1966ರ ಹೊತ್ತಿಗೆ ಅಮೆರಿಕ ಸರ್ಕಾರದ ಖರ್ಚಲ್ಲಿ 4 ಪರ್ಸೆಂಟ್‌ಗಿಂತ ಜಾಸ್ತಿ ನಾಸಾಗೇ ಹೋಗ್ತಿತ್ತು, ಈಗ ಅರ್ಧ ಪರ್ಸೆಂಟೂ ಇಲ್ಲ. ಗೆದ್ದಾಯ್ತು ಅಂತ 18, 19, 20 ಮೂರೂ ಕ್ಯಾನ್ಸಲ್, ಚಂದ್ರನಿಗೆ ಕಳಿಸೋ ಸ್ಯಾಟರ್ನ್ ರಾಕೆಟ್ ಮಿಕ್ಕಿದ್ದನ್ನ ಜನ ನೋಡೋಕೆ ಮಲಗಿಸಿಟ್ರು. ಹಾಗಾಗಿ ಈಗ ಸ್ಲೋ ಆಗಿದೆ ಅನ್ನೋದಕ್ಕಿಂತ ಆಗ ಅತಿಯಾಗಿತ್ತು ಅನ್ನೋದು ಸರಿ.

ಪೀಣ್ಯ_ಸೆಕೆಂಡ್_ಸ್ಟೇಜ್:
ಮೇಷ್ಟ್ರು ಹೇಳಿದ್ದು ಸರಿ, ಆದ್ರೆ ದುಡ್ಡು ಕೊಟ್ರೂ ತೂಕ ಬಿಡಲ್ಲ. ಸ್ಯಾಟರ್ನ್ ಹಾರುವಾಗ ಸುಮಾರು 2,900 ಟನ್, ಕೊನೇಗೆ ಸಮುದ್ರಕ್ಕೆ ಬಿದ್ದಿದ್ದು ಐದಾರು ಟನ್ನಿನ ಡಬ್ಬ. ಮನುಷ್ಯನ್ನ ಕಳಿಸಿದ್ರೆ ಗಾಳಿ ನೀರು ಊಟ ಎಲ್ಲಾ ಹೊರಬೇಕು, ಮೇಲಾಗಿ ವಾಪಸ್ ಕರ್ಕೊಂಡ್ ಬರ್ಬೇಕು. ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೇ ಮಲಗಿದ್ರೂ ಯಾರೂ ಕೇಳಲ್ಲ ನೋಡಿ. ಮಂಗಳ ಅಂದ್ರೆ ಇನ್ನೂ ತಲೆನೋವು, ಹೊರಡೋಕೆ ಒಳ್ಳೆ ಟೈಮ್ ಬರೋದೇ 26 ತಿಂಗಳಿಗೊಂದ್ಸಲ, ತೂಕ ಇಲ್ದಿರೋ ಕಡೆ ಮೂಳೆ ತಿಂಗಳಿಗೆ ಒಂದು ಪರ್ಸೆಂಟ್ ಹೆಚ್ಚುಕಮ್ಮಿ ಸವೆಯುತ್ತೆ, ರೇಡಿಯೇಷನ್ ಬೇರೆ. ಅಮೆರಿಕದ ಸ್ಪೇಸ್ ಶಟಲ್ 135 ಸಲ ಹಾರಿ 14 ಜನ ಪ್ರಾಣ ಕಳ್ಕೊಂಡ್ರು, ಕಲ್ಪನಾ ಚಾವ್ಲಾ ಸೇರಿ. ಗಗನಯಾನದ ಎಸ್ಕೇಪ್ ಟೆಸ್ಟ್ (ರಾಕೆಟ್ ಕೈಕೊಟ್ರೆ ಒಳಗಿರೋರನ್ನ ಪಾರು ಮಾಡೋದರ ಪರೀಕ್ಷೆ) 2023ರ ಅಕ್ಟೋಬರಲ್ಲಿ ಆಯ್ತಲ್ಲ, 5 ಸೆಕೆಂಡ್ ಇರೋವಾಗ ಕೌಂಟ್‌ಡೌನ್ ನಿಲ್ತು, ಕಾರಣ ಹುಡುಕಿ ಅದೇ ಬೆಳಿಗ್ಗೆ ಹಾರಿಸಿದ್ರು. ಒಳಗೆ ಜನ ಕೂರೋ ಗಾಡಿ ಅಂದ್ಮೇಲೆ ಇಂಥ ಟೆಸ್ಟ್ ಎಷ್ಟು ಮಾಡಿದ್ರೂ ಕಮ್ಮಿನೇ. ಲೇಟಾಯ್ತು ಅಂತ ಬೈಸ್ಕೊಂಡ್ರೂ ಪರ್ವಾಗಿಲ್ಲ.

ಬಿಸಿಬಿಸಿ_ಬೋಂಡಾ:
ಹಂಗಾದ್ರೆ ಮನುಷ್ಯನ್ನ ಕಳಿಸೋದೇ ಯಾಕೆ ಗುರು? ಚಂದ್ರಯಾನ-3 ಸುಮಾರು 615 ಕೋಟಿಗೆ ಮುಗೀತು. ಗಗನಯಾನದ ಬಜೆಟ್ 2024ರಲ್ಲಿ 20,193 ಕೋಟಿ ಆಯ್ತು, ನಮ್ದೇ ಸ್ಪೇಸ್ ಸ್ಟೇಷನ್ನಿನ ಮೊದಲ ಮಾಡ್ಯೂಲೂ ಸೇರಿ ಅನ್ನಿ, ಆದ್ರೂ. ಅಷ್ಟರಲ್ಲಿ ಎಷ್ಟು ಲ್ಯಾಂಡರ್ ಕಳಿಸ್ಬೋದಿತ್ತು ಲೆಕ್ಕ ಹಾಕಿ.

ಪೀಣ್ಯ_ಸೆಕೆಂಡ್_ಸ್ಟೇಜ್:
@ಬಿಸಿಬಿಸಿ ಲೆಕ್ಕ ಹಾಕಿದೀನಿ ಬ್ರೋ, ಆದ್ರೆ ಇನ್ನೊಂದ್ ಲೆಕ್ಕನೂ ಇದೆ. ಆಪರ್ಚುನಿಟಿ ರೋವರ್ ಮಂಗಳದ ಮೇಲೆ 42 ಕಿಲೋಮೀಟರ್ ಓಡೋಕೆ 11 ವರ್ಷ ತಗೊಂಡ್ತು. ಅಪೊಲೊ 17ರವರು ಮೂರು ದಿನದಲ್ಲಿ 35 ಕಿಲೋಮೀಟರ್ ಗಾಡಿ ಓಡ್ಸಿ 110 ಕೆಜಿ ಕಲ್ಲು ಮಣ್ಣು ತಂದ್ರು. ಅದ್ರಲ್ಲಿದ್ದ ಶ್ಮಿಟ್ ಜಿಯಾಲಜಿಸ್ಟು, ಕೇಸರಿ ಬಣ್ಣದ ಮಣ್ಣು ಕಣ್ಣಿಗೆ ಬಿದ್ದ ತಕ್ಷಣ ನಿಂತು ಅಲ್ಲೇ ಅಗೆದ. ರೋವರ್ ಆಗಿದ್ರೆ ಭೂಮಿಯಿಂದ ಮೀಟಿಂಗ್ ಮೇಲೆ ಮೀಟಿಂಗ್.

ಬಿಸಿಬಿಸಿ_ಬೋಂಡಾ:
ಸರಿ ಬಿಡಿ, ಆ ಮೂರು ದಿನಕ್ಕೆ ಆದ ಖರ್ಚೂ ಹೇಳ್ಬೇಕಿತ್ತು 😄

ರಿಟೈರ್ಡ್_ಮೇಷ್ಟ್ರು:
ಎರಡೂ ಬೇಕು, ಆದ್ರೆ ಮೊದಲು ಯಂತ್ರ. ಎಲ್ಲರೂ ಚಂದ್ರನ ದಕ್ಷಿಣ ಧ್ರುವದ ಕಡೆ ನೋಡ್ತಿರೋದು ಅಲ್ಲಿನ ಐಸ್‌ಗೋಸ್ಕರ. ಕುಡಿಯೋ ನೀರು, ಉಸಿರಾಡೋ ಗಾಳಿ, ರಾಕೆಟ್ ಇಂಧನ ಮೂರನ್ನೂ ಅಲ್ಲೇ ಮಾಡ್ಕೊಳ್ಳೋಕಾದ್ರೆ ಇಲ್ಲಿಂದ ಹೊರೋ ತೂಕ ಇಳಿಯುತ್ತೆ. 2015ರಿಂದ ಹಾರಿದ ಬೂಸ್ಟರ್ರೇ (ರಾಕೆಟ್ಟಿನ ಕೆಳಗಿನ ಭಾಗ) ವಾಪಸ್ ಬಂದು ನಿಲ್ತಿದೆ, ಖರ್ಚೂ ಇಳೀತಿದೆ. ನಮ್ಮವರು 2035ಕ್ಕೆ ಸ್ಟೇಷನ್, 2040ಕ್ಕೆ ಚಂದ್ರನ ಮೇಲೆ ಭಾರತೀಯ ಅಂದಿದಾರೆ. ನಾನಂತೂ 2045 ಅಂತ ಬರ್ಕೊಂಡಿದೀನಿ.