ಸಿಎನ್‌ಸಿ ಕೈಪಿಡಿಯಲ್ಲಿ ‘ಟಾಲರೆನ್ಸ್’: ರಂಧ್ರಕ್ಕೆ ಎಂಥ ಸಹಿಷ್ಣುತೆ?

ಎಲ್ಲರಿಗೂ ನಮಸ್ಕಾರ. ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಲೇತ್ ಮತ್ತು ಮಿಲ್ಲಿಂಗ್ ಕಲಿಯುವವರ ಕೈಪಿಡಿಯೊಂದರ ಕನ್ನಡ ಕರಡಿನಲ್ಲಿ ‘ರಂಧ್ರದ ಸಹಿಷ್ಣುತೆ 0.021 ಮಿ.ಮೀ.’ ಎಂಬ ವಾಕ್ಯವಿದೆ. ರಂಧ್ರ ಏನನ್ನು ಸಹಿಸಿಕೊಳ್ಳುತ್ತಿದೆಯೋ ತಿಳಿಯದು! ಆಕ್ಯುರಸಿ, ಪ್ರಿಸಿಶನ್ ಎರಡಕ್ಕೂ ‘ನಿಖರತೆ’ ಎಂದೇ ಬರೆದಿದ್ದಾರೆ. ಮೆಷಿನಿಂಗ್ ‘ಯಂತ್ರೀಕರಣ’ ಆಗಿದೆ. ಆಫ್‌ಸೆಟ್ (ಯಂತ್ರ ಲೆಕ್ಕಕ್ಕೆ ಸೇರಿಸಿಕೊಳ್ಳಲು ನಾವು ಕೊಡುವ ಅಂಕಿ) ಒಂದು ಕಡೆ ‘ಸರಿದೂಗಿಕೆ’, ಇನ್ನೊಂದು ಕಡೆ ‘ಪರಿಹಾರ’. ಇವುಗಳಲ್ಲಿ ಯಾವುದನ್ನು ಉಳಿಸಬಹುದು, ಯಾವುದನ್ನು ಬದಲಿಸಬೇಕು?

*

‘ಸಹಿಷ್ಣುತೆ’ಯನ್ನು ಕೈಬಿಡಿ. ಅದು ಮನುಷ್ಯರ ಗುಣ. ಇಲ್ಲಿರುವುದು ಬರಿಯ ಕಳೆಯುವ ಲೆಕ್ಕ. ನಕ್ಷೆಯಲ್ಲಿ ರಂಧ್ರಕ್ಕೆ ‘25 ಎಚ್7’ ಎಂದಿದ್ದರೆ ಅದರ ವ್ಯಾಸ 25.000ಕ್ಕಿಂತ ಕಿರಿದಾಗಬಾರದು, 25.021 ದಾಟಬಾರದು. ಮೊದಲನೆಯದು ಕೆಳಮಿತಿ, ಎರಡನೆಯದು ಮೇಲ್ಮಿತಿ. ಒಂದರಿಂದ ಇನ್ನೊಂದನ್ನು ಕಳೆದರೆ ಸಿಗುವ 0.021 ಟಾಲರೆನ್ಸ್. ಆದ್ದರಿಂದ ‘ಮಿತಿಯಂತರ’ ಎನ್ನೋಣ. ಪದವೇ ಲೆಕ್ಕವನ್ನು ಹೇಳಿಬಿಡುತ್ತದೆ.

‘ಅನುಮತ ವ್ಯತ್ಯಾಸ’ ಎಂದು ಬರೆಯುವವರೂ ಇದ್ದಾರೆ. ಅದರ ತೊಡಕು ಗೊತ್ತಾಗುವುದು ಶಾಫ್ಟಿನ ಅಳತೆಗೆ ಬಂದಾಗ. ಆ ರಂಧ್ರದೊಳಗೆ ತಿರುಗಬೇಕಾದ ಶಾಫ್ಟಿಗೆ ‘25 ಜಿ6’ ಎಂದಿದ್ದರೆ (ಇಂಗ್ಲಿಷ್ ಚಿಕ್ಕಕ್ಷರದ ಜಿ, ರಂಧ್ರಕ್ಕೆ ದೊಡ್ಡಕ್ಷರ, ಶಾಫ್ಟಿಗೆ ಚಿಕ್ಕಕ್ಷರ ಎಂಬುದೇ ರೂಢಿ) ಮೇಲ್ಮಿತಿ 24.993, ಕೆಳಮಿತಿ 24.980. ಮೂಲ ಅಳತೆ 25ರಿಂದ ವ್ಯತ್ಯಾಸ ಎಷ್ಟೆಂದರೆ 0.007 ಎನ್ನಬೇಕೋ 0.020 ಎನ್ನಬೇಕೋ? ಎರಡೂ ಹೌದು, ಆದರೆ ಎರಡೂ ಟಾಲರೆನ್ಸ್ ಅಲ್ಲ; ಅದು 0.013. ಮೂಲ ಅಳತೆಯಿಂದಾಗುವ ವ್ಯತ್ಯಾಸಕ್ಕೆ ‘ವಿಚಲನೆ’ ಎಂಬ ಪದವಿದೆ, ಅದನ್ನು ಅದಕ್ಕೇ ಮೀಸಲಿಡುವುದು ವಾಸಿ. ರಂಧ್ರಕ್ಕೂ ಶಾಫ್ಟಿಗೂ ನಡುವೆ ಉಳಿಯುವ ಜಾಗ ಮತ್ತೂ ಬೇರೆ: ಈ ಜೋಡಿಯಲ್ಲಿ ಕನಿಷ್ಠ 0.007, ಗರಿಷ್ಠ 0.041. ಅದು ‘ಸಡಿಲು’. ಕರಡಿನಲ್ಲಿ ಇದಕ್ಕೂ ಸಹಿಷ್ಣುತೆ ಎಂದೇ ಬರೆದಿದ್ದರೆ ಆಶ್ಚರ್ಯವಿಲ್ಲ.

‘ಯಂತ್ರೀಕರಣ’ ಎಂದರೆ ಕೈಕೆಲಸದ ಜಾಗಕ್ಕೆ ಯಂತ್ರ ತರುವುದು, ಲೋಹ ಕತ್ತರಿಸುವುದಲ್ಲ. ಲೇತಿನ ಕೆಲಸಕ್ಕೆ ‘ಕಡೆಯುವುದು’ ಎಂಬ ಒಳ್ಳೆಯ ಮಾತೇ ಇದೆ. ಆದರೆ ಅದರಲ್ಲಿ ಜಾಬ್ (ಕತ್ತರಿಸಬೇಕಾದ ತುಂಡು) ತಿರುಗುತ್ತದೆ, ಮಿಲ್ಲಿಂಗಿನಲ್ಲಿ ಟೂಲ್ ತಿರುಗುತ್ತದೆ. ಎರಡನ್ನೂ ಒಳಗೊಳ್ಳಲು ಮೆಷಿನಿಂಗ್ ಎಂದೇ ಇರಲಿ.

*

ಮಿತಿಯಂತರ ಒಪ್ಪಿಗೆ. ‘ನಿಖರತೆ’ಯ ಬಗ್ಗೆ ಒಂದು ಮಾತು. ಶಾಫ್ಟಿನ ವ್ಯಾಸ 20.000, ಕೂಡು-ಕಳೆ 0.010 ಇರಬೇಕು ಎನ್ನಿ. ಒಂದು ಯಂತ್ರದಿಂದ ಬಂದ ಐದು ಶಾಫ್ಟುಗಳ ಅಳತೆ: 20.031, 20.030, 20.032, 20.031, 20.030. ಇನ್ನೊಂದರಿಂದ ಬಂದವು: 19.985, 20.012, 20.003, 19.991, 20.009. ಮೊದಲ ಯಂತ್ರದ ಐದೂ ತಿರಸ್ಕೃತ. ಎರಡನೆಯದರ ಸರಾಸರಿ ಸರಿಯಾಗಿ 20.000, ಐದರಲ್ಲಿ ಮೂರು ಪಾಸ್. ಆದರೂ ನೆಚ್ಚಬಹುದಾದದ್ದು ಮೊದಲನೆಯದೇ. ವ್ಯಾಸದ ಲೆಕ್ಕದಲ್ಲಿ ಎಕ್ಸ್ ವೇರ್ ಆಫ್‌ಸೆಟ್‌ನಲ್ಲಿ (ವ್ಯಾಸದ ದಿಕ್ಕಿನಲ್ಲಿ ಟೂಲಿನ ಸವೆತಕ್ಕೆಂದು ಕೊಡುವ ತಿದ್ದುಪಡಿಯಲ್ಲಿ) 0.031 ಕಳೆದರೆ ಅದು ದಾರಿಗೆ ಬರುತ್ತದೆ. ಆ ಐದನ್ನೂ ಇನ್ನೊಮ್ಮೆ ಕಡೆದು ಉಳಿಸಿಕೊಳ್ಳಬಹುದು. ಎರಡನೆಯದಕ್ಕೆ ಯಾವ ಆಫ್‌ಸೆಟ್ ಕೊಟ್ಟರೂ ಅಳತೆ ಹರಡಿಕೊಂಡೇ ಇರುತ್ತದೆ. ಅಲ್ಲಿ ನೋಡಬೇಕಾದದ್ದು ಇನ್ಸರ್ಟಿನ (ಟೂಲಿಗೆ ಕೂರಿಸುವ ಕತ್ತರಿಸುವ ತುದಿಯ) ಸ್ಕ್ರೂ ಸಡಿಲವೇ, ಜಾಬ್ ಹಿಡಿಯುವ ಚಕ್‌ನ ಹಿಡಿತ ಸಾಲದೇ, ಟೂಲಿನ ಅಂಚಿಗೆ ಲೋಹ ಮೆತ್ತಿಕೊಳ್ಳುತ್ತಿದೆಯೇ, ಟೂಲನ್ನು ಸರಿಸುವ ಬಾಲ್ ಸ್ಕ್ರೂನಲ್ಲಿ ಬ್ಯಾಕ್‌ಲ್ಯಾಶ್ (ದಿಕ್ಕು ಬದಲಿಸುವಾಗಿನ ಸಡಿಲ ಆಟ) ಇದೆಯೇ ಎಂದು.

ಮೊದಲ ಯಂತ್ರಕ್ಕಿರುವುದು ಪ್ರಿಸಿಶನ್, ಇಲ್ಲದ್ದು ಆಕ್ಯುರಸಿ. ಎರಡಕ್ಕೂ ನಿಖರತೆ ಎಂದುಬಿಟ್ಟರೆ ಈ ಪಾಠ ಹೇಳಲು ಮಾತೇ ಉಳಿಯುವುದಿಲ್ಲ. ಆಕ್ಯುರಸಿಗೆ ನಿಖರತೆ, ಪ್ರಿಸಿಶನ್‌ಗೆ ‘ಏಕರೂಪತೆ’ ಇರಲಿ. ‘ಪ್ರಿಸಿಶನ್ ಪಾರ್ಟ್ಸ್’ ಎಂಬಲ್ಲಿ ಮಾತ್ರ ಇದು ಹೊಂದದು. ಅಲ್ಲಿ ಉದ್ದೇಶ ಕಿರಿದಾದ ಮಿತಿಯಂತರ. ‘ಸೂಕ್ಷ್ಮ ಅಳತೆಯ ಬಿಡಿಭಾಗಗಳು’ ಎನ್ನಿ.

ಅಳತೆಯ ಅಧ್ಯಾಯದಲ್ಲಿ ‘ಸಾಮಾನ್ಯ ತಾಪಮಾನ’ ಎಂದು ಬರೆದಿದ್ದರೆ ಅದನ್ನೂ ತಿದ್ದಿ. ಅಳತೆಗೆ ಒಪ್ಪಿದ ತಾಪಮಾನ 20 ಡಿಗ್ರಿ ಸೆಲ್ಸಿಯಸ್. 100 ಮಿ.ಮೀ. ಅಲ್ಯೂಮಿನಿಯಂ ತುಂಡು 30 ಡಿಗ್ರಿಯಲ್ಲಿ ಸುಮಾರು 0.023 ಉದ್ದವಾಗುತ್ತದೆ, ಉಕ್ಕು ಅದರ ಅರ್ಧದಷ್ಟು. ಬಿಸಿ ಆರುವ ಮುನ್ನ ಮೈಕ್ರೋಮೀಟರ್ ಹಿಡಿದು ಆಫ್‌ಸೆಟ್ ತಿದ್ದಿದರೆ ಸರಿಯಿದ್ದದ್ದೂ ಕೆಡುತ್ತದೆ.

ಆಫ್‌ಸೆಟ್ ಅನ್ನು ಅನುವಾದಿಸಬೇಡಿ. ಪರದೆಯ ಮೇಲೆ ಇರುವುದು ಆ ಪದವೇ. ಯಾವ ಆಫ್‌ಸೆಟ್ ಎಂದು ಅದರ ಹಿಂದೆ ಬರುವ ಮಾತು ಮುಖ್ಯ: ಪ್ರೋಗ್ರಾಮಿನ ಆದೇಶಗಳಲ್ಲಿ ಜಿ54 ಜಾಬ್‌ನ ಸೊನ್ನೆ ಎಲ್ಲಿದೆ ಎಂದು ಹೇಳುತ್ತದೆ, ಜಿ43 ಟೂಲಿನ ಉದ್ದವನ್ನು ಲೆಕ್ಕಕ್ಕೆ ತರುತ್ತದೆ, ಜಿ41 ಮತ್ತು ಜಿ42 ಕಟ್ಟರಿನ ತ್ರಿಜ್ಯದಷ್ಟು ದಾರಿಯನ್ನು ಎಡಕ್ಕೋ ಬಲಕ್ಕೋ ಸರಿಸುತ್ತವೆ. ಎಲ್ಲಕ್ಕೂ ‘ಸರಿದೂಗಿಕೆ’ ಎಂದರೆ ಪರದೆಯ ಯಾವ ಪುಟದಲ್ಲಿ ಅಂಕಿ ಹಾಕಬೇಕೆಂದು ಕಲಿಯುವವರಿಗೆ ತಿಳಿಯದು. ‘ವ್ಯತ್ಯಾಸವನ್ನು ನಮೂದಿಸಿ’ ಎಂಬ ವಾಕ್ಯವೂ ಅಪಾಯಕಾರಿ. ಕೂಡಬೇಕೋ ಕಳೆಯಬೇಕೋ ಹೇಳಲೇಬೇಕು: ಕಳೆಯುವ ಬದಲು 0.031 ಕೂಡಿದರೆ ಮುಂದಿನ ಶಾಫ್ಟ್ 20.062 ಆಗಿ ಹೊರಬರುತ್ತದೆ. ರಂಧ್ರದಲ್ಲಿ ಇದೇ ತಪ್ಪಾಗಿ ವ್ಯಾಸ ಹಿಗ್ಗಿದರೆ ಜಾಬ್ ಗುಜರಿಗೆ.

*

ಉತ್ತರಗಳಿಗೆ ಧನ್ಯವಾದ. ಮಿತಿಯಂತರಕ್ಕೆ ಒಂದು ಆಕ್ಷೇಪ: ನಕ್ಷೆಯಲ್ಲಿ ಮಟ್ಟಸತನಕ್ಕೋ ಸ್ಥಾನಕ್ಕೋ ಕೊಡುವ ಟಾಲರೆನ್ಸ್‌ಗೆ ಮೇಲ್ಮಿತಿ, ಕೆಳಮಿತಿ ಎಂಬ ಎರಡು ಅಳತೆ ಇರುವುದಿಲ್ಲವಲ್ಲ?

*

ಮಟ್ಟಸತನಕ್ಕೆ ಹೇಗೋ ಹೊಂದುತ್ತದೆ. 0.02 ಎಂದರೆ ಇಡೀ ಮೇಲ್ಮೈ 0.02 ಅಂತರದ ಎರಡು ಸಮಾಂತರ ತಲಗಳ ನಡುವೆ ಇರಬೇಕು. ಆ ತಲಗಳೇ ಮಿತಿಗಳು. ಸ್ಥಾನಕ್ಕೆ ಹೊಂದದು. ಅಲ್ಲಿ ಇರುವುದು ಒಂದೇ ಎಲ್ಲೆ, ರಂಧ್ರದ ನಡುಗೆರೆ ಅದರೊಳಗೆ ಎಲ್ಲಿ ಬೇಕಾದರೂ ಇರಬಹುದು. ಅದಕ್ಕೆ ‘ಅನುಮತ ವಲಯ’ ಎಂದು ಬೇರೆ ಹೆಸರು ಕೊಡಿ, ವಲಯದ ವ್ಯಾಸ ಎಂದು ಸ್ಪಷ್ಟವಾಗಿ ಬರೆಯಿರಿ. ವ್ಯಾಸ 0.1 ಎಂದರೆ ಕೇಂದ್ರ ಯಾವ ದಿಕ್ಕಿಗೂ 0.05ಕ್ಕಿಂತ ಆಚೆ ಸರಿಯುವಂತಿಲ್ಲ. ಬರೀ ‘ಸ್ಥಾನ 0.1’ ಎಂದಿದ್ದರೆ 0.1 ಸರಿಯಬಹುದೆಂದು ಓದಿಕೊಂಡು, ಬೋಲ್ಟ್ ಹೋಗದ ರಂಧ್ರ ಕೊರೆಯುತ್ತಾರೆ.